ಒಂಟೆ ಅತ್ತಿತು, ಗೌರಿ ಒದ್ದಳು

"ಹೇಗಾಯ್ತು?" ಅಂತ ಡಾಕ್ಟರು ಕೇಳಿದರು. ನನ್ನ ಎಡ ಮೊಣಕಾಲು ಅಷ್ಟು ಹೊತ್ತಿಗೆ ತಟ್ಟೆ ಇಡ್ಲಿಯ ಹಾಗೆ ಉಬ್ಬಿತ್ತು.

"ಹಸು ಒದೆಯಿತು ಸಾರ್."

"ಯಾಕೆ ಒದೆಯಿತು?"

ಇಲ್ಲಿ ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ. "ಮಂಗೋಲಿಯದ ಒಂದು ಸಿನಿಮಾ ನೋಡಿದ್ದೆ ಸಾರ್," ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ತಲೆಯನ್ನು ಒಮ್ಮೆ ಸವರಿ ನೋಡಿದರು. ಅಲ್ಲೂ ಪೆಟ್ಟು ಬಿದ್ದಿದೆಯಾ ಅಂತ.

ನನಗೊಂದು ಚಟ ಇದೆ. ಸ್ಟಾರುಗಳಿಲ್ಲದೆ, ಕಡಿಮೆ ದುಡ್ಡಿನಲ್ಲಿ ತೆಗೆದ ಪ್ರಾಣಿಗಳ ಸಿನಿಮಾ ಹುಡುಕಿ ಹುಡುಕಿ ನೋಡುವುದು. ಆನೆ ಬಂದು ವಿಲನ್ನನ್ನು ಎತ್ತಿ ಬಿಸಾಡುವ ಸಿನಿಮಾ ಅಲ್ಲ. ಇವುಗಳಲ್ಲಿ ಕತ್ತೆ ಕತ್ತೆಯ ಹಾಗೇ ಇರುತ್ತದೆ. ಸುಮ್ನೆ ನಿಂತಿರುತ್ತದೆ. ಅದು ನಿಂತಿದ್ದನ್ನು ನೋಡಿ ನಾನು ಅಳುತ್ತೇನೆ.

ಕತ್ತೆ ಅಂದೆನಲ್ಲ, ಅದು ಪೋಲೆಂಡಿನ ಯೆಝಿ ಸ್ಕೊಲಿಮೊವ್‌ಸ್ಕಿ 2022ರಲ್ಲಿ ತೆಗೆದ ‘ಇಓ’. ಒಂದೇ ಕತ್ತೆಯ ಕಥೆ, ಆದರೆ ಪಾತ್ರ ಮಾಡಿದ್ದು ಆರು ಕತ್ತೆಗಳು. ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ತಗೊಳ್ಳುವಾಗ ಆ ಹಿರಿಯರು ಆರೂ ಕತ್ತೆಗಳ ಹೆಸರು ಹಿಡಿದು ಥ್ಯಾಂಕ್ಸ್ ಹೇಳಿದರು. ಟಾಕೋ, ಹೋಲಾ, ಮಾರಿಯೆಟ್ಟಾ, ಎಟ್ಟೊರೆ, ರೊಕ್ಕೊ, ಮೇಲಾ. ನಾನೂ ಆ ಹೆಸರುಗಳನ್ನು ಬಾಯಿಪಾಠ ಮಾಡಿ ಹೆಂಡತಿಗೆ ಒಪ್ಪಿಸಿದೆ. ಅವಳು ಒಂದು ಕ್ಷಣ ಸುಮ್ಮನಿದ್ದು, "ನನ್ನ ಚಿಕ್ಕಮ್ಮಂದಿರು ಮೂರೇ ಜನ. ಹೆಸರು ಹೇಳಿ ನೋಡೋಣ," ಅಂದಳು. ಎರಡರ ನಂತರ ನಿಂತುಬಿಟ್ಟೆ.

ಈ ಚಟದಿಂದ ಮನೆಗೆ ಬಂದವರಿಗೂ ತೊಂದರೆ. ಒಂದು ಭಾನುವಾರ ನಮ್ಮ ಭಾವ ತನ್ನ ಕೊಡಗಿನ ಗೆಳೆಯನನ್ನು ಕರೆದುಕೊಂಡು ಬಂದ. ಟಿವಿಯಲ್ಲಿ ನಾನು ಎತ್ತಿಟ್ಟುಕೊಂಡಿದ್ದ ಸಿನಿಮಾಗಳ ಹೆಸರು ನೋಡಿದವನೇ ಕುಣಿದುಬಿಟ್ಟ. ಮೊದಲನೆಯದು ‘ಗುಂಡ’. ಅದರ ಕೆಳಗೆ ‘ಕೆಡಿ’.

"ಏನಯ್ಯಾ, ನೀನೂ ನಮ್ಮ ಲೈನಿಗೆ ಬಂದೆ! ಮಚ್ಚಾ, ಲಾಂಗಾ?"

ನಾನು ತಡೆಯುವಷ್ಟರಲ್ಲಿ ‘ಗುಂಡ’ ಶುರುವಾಗಿತ್ತು. ಗುಂಡ ಅಂದರೆ ನಾರ್ವೆಯ ಒಂದು ಹೆಣ್ಣು ಹಂದಿ. ರಷ್ಯಾದ ವಿಕ್ಟರ್ ಕೊಸಕೊವ್‌ಸ್ಕಿ 2020ರಲ್ಲಿ ಅವಳ ಹೆಸರನ್ನೇ ಇಟ್ಟು ಸಿನಿಮಾ ತೆಗೆದರು. ಪೂರ್ತಿ ಕಪ್ಪು ಬಿಳುಪು. ಒಂದೂವರೆ ಗಂಟೆ. ಮಾತಿಲ್ಲ, ಹಾಡಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಮೊದಲ ದೃಶ್ಯದಲ್ಲಿ ಗುಂಡ ಗೂಡಿನ ಬಾಗಿಲಿಂದ ತಲೆ ಹೊರಗೆ ಹಾಕಿ ಮಲಗಿದ್ದಾಳೆ. ಒಂದೊಂದೇ ಮರಿ ಅವಳ ಮೇಲೆ ಹತ್ತಿ ಹೊರಗೆ ಇಳಿಯುತ್ತದೆ. ಭಾವ ಐದು ನಿಮಿಷ ಕಾದ. ಹತ್ತು ನಿಮಿಷ ಕಾದ. ಕಡಲೆಕಾಯಿ ಅರ್ಧ ಖಾಲಿಯಾಯಿತು.

"ಹೀರೋ ಎಂಟ್ರಿ ಯಾವಾಗ?"

"ಆಗಿಹೋಯ್ತು. ಮಲಗಿದ್ದಾಳಲ್ಲ."

ಎದ್ದು ಹೋಗುತ್ತಾರೆ ಅಂದುಕೊಂಡೆ. ಕೊಡಗಿನ ಗೆಳೆಯ ಏಳಲಿಲ್ಲ. ಅವನಿಗೆ ಹಂದಿ ಗೊತ್ತು. ಒಂದು ಮರಿ ಕುಂಟುತ್ತಿದ್ದದ್ದನ್ನು ನಮಗಿಂತ ಮೊದಲು ಅವನೇ ಕಂಡುಹಿಡಿದ. ಕೊನೆಯಲ್ಲಿ ಒಂದು ಗಾಡಿ ಬಂದು ಮರಿಗಳನ್ನೆಲ್ಲ ತುಂಬಿಕೊಂಡು ಹೋಗುತ್ತದೆ. ಗುಂಡ ಆಚೆ ಈಚೆ ಓಡಾಡುತ್ತಾಳೆ, ಮೂಸುತ್ತಾಳೆ, ಕಿವಿ ನಿಮಿರಿಸಿ ನಿಲ್ಲುತ್ತಾಳೆ, ಮತ್ತೆ ಓಡಾಡುತ್ತಾಳೆ. ಕ್ಯಾಮೆರಾ ಕತ್ತರಿಸುವುದೇ ಇಲ್ಲ. ನಮ್ಮ ಹಾಲಿನಲ್ಲಿ ಫ್ಯಾನಿನ ಸದ್ದು ಮಾತ್ರ.

ಆಮೇಲೆ ಎಲ್ಲರಿಗೂ ಒಟ್ಟಿಗೆ ನೆನಪಾಯಿತು. ಆ ಗೆಳೆಯ ಊಟಕ್ಕೆಂದು ಮನೆಯಿಂದ ಪಂದಿಕರಿ, ಕಡಂಬುಟ್ಟು ತಂದಿದ್ದ. ಕ್ಯಾರಿಯರ್ ಟೀಪಾಯಿ ಮೇಲೇ ಇತ್ತು. ಯಾರೂ ಅದರ ಕಡೆ ನೋಡಲಿಲ್ಲ. ಮೊಸರನ್ನ ಕಲಸೋಣವೇ ಎಂಬ ಮಾತೂ ಬಂತು. ರಾತ್ರಿ ಒಂಬತ್ತೂವರೆಗೆ ಕ್ಯಾರಿಯರ್ ತೆಗೆದರು, ತಿಂದರು, ಅದು ಬೇರೆ ಮಾತು. ಆದರೆ ಮಾತಾಡದೆ ತಿಂದರು.

ಹೋಗುವಾಗ ಭಾವ ಬಾಗಿಲಲ್ಲಿ ನಿಂತು, "ಆ ಕೆಡಿ ಆದ್ರೂ ರೌಡಿ ಪಿಕ್ಚರಾ?" ಅಂದ. ಟರ್ಕಿ ಭಾಷೆಯಲ್ಲಿ ಕೆಡಿ ಅಂದರೆ ಬೆಕ್ಕು, ಇಸ್ತಾಂಬುಲ್ಲಿನ ಬೀದಿ ಬೆಕ್ಕುಗಳ ಸಿನಿಮಾ ಅದು ಅಂದೆ. ಅದರಲ್ಲಿ ಡುಮಾನ್ ಅನ್ನೋ ಬೆಕ್ಕು ಎಂಥಾ ಮರ್ಯಾದಸ್ಥ ಗೊತ್ತಾ, ಹಸಿವಾದರೂ ಹೋಟೆಲಿನ ಒಳಗೆ ಕಾಲಿಡುವುದಿಲ್ಲ, ಹೊರಗೇ ನಿಂತು ಕಿಟಕಿ ಗಾಜನ್ನು ಪಂಜದಿಂದ ಪರಪರ ಕೆರೆಯುತ್ತದೆ ಅಂತ ವಿವರಿಸಿದೆ. ಭಾವ ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಇಳಿದೇಬಿಟ್ಟ. ಇವತ್ತಿಗೂ ಅವನು ಬರುವ ಮುಂಚೆ ಫೋನು ಮಾಡಿ, "ಟಿವಿ ಆಫ್ ಇದೆ ತಾನೇ?" ಅಂತ ಕೇಳುತ್ತಾನೆ.

ನೋಡುವುದರಲ್ಲೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಶೌನಕ್ ಸೇನ್ ಅವರ ‘ಆಲ್ ದಟ್ ಬ್ರೀದ್ಸ್’ ನೋಡಿದ ಮೇಲೆ ನನ್ನ ಬುದ್ಧಿ ಕೆಟ್ಟಿತು. ದಿಲ್ಲಿಯ ವಜೀರಾಬಾದಿನ ಇಬ್ಬರು ಅಣ್ಣತಮ್ಮಂದಿರು, ನದೀಮ್ ಮತ್ತು ಸೌದ್. ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕೊಯ್ದುಕೊಂಡ ಹದ್ದುಗಳಿಗೆ ಮನೆಯ ನೆಲಮಾಳಿಗೆಯಲ್ಲೇ ಶುಶ್ರೂಷೆ ಮಾಡುತ್ತಾರೆ. ಹಕ್ಕಿ ಆಸ್ಪತ್ರೆಯವರು ಮಾಂಸ ತಿನ್ನುವ ಹಕ್ಕಿ ಬೇಡ ಅಂದಿದ್ದರಂತೆ. ಹಕ್ಕಿಗೂ ವೆಜ್ಜು, ನಾನ್‌ವೆಜ್ಜು! ಮೈ ಬೆಳೆಸುವ ಹುಚ್ಚಿನಲ್ಲಿ ಕಲಿತ ಸ್ನಾಯುಗಳ ವಿಚಾರವನ್ನೇ ಇವರು ಹದ್ದಿನ ರೆಕ್ಕೆಗೆ ಬಳಸುತ್ತಾರೆ. ಹೊಟ್ಟೆಪಾಡಿಗೆ ಅದೇ ನೆಲಮಾಳಿಗೆಯಲ್ಲಿ ಸೋಪಿನ ಡಿಸ್ಪೆನ್ಸರ್ ತಯಾರಿಸುತ್ತಾರೆ. 2022ರಲ್ಲಿ ಸನ್‌ಡಾನ್ಸ್‌ನಲ್ಲೂ ಕಾನ್‌ನಲ್ಲೂ ಪ್ರಶಸ್ತಿ ಬಂತು. ಅದರಲ್ಲೊಂದು ದೃಶ್ಯ: ಅವರ ಜೊತೆ ಕೆಲಸ ಮಾಡುವ ಸಲೀಕ್ ತಾರಸಿ ಮೇಲೆ ನಿಂತಿದ್ದಾನೆ. ಹದ್ದು ಸರ್ರನೆ ಇಳಿದು ಅವನ ಕನ್ನಡಕ ಕಿತ್ತುಕೊಂಡು ಹೋಗುತ್ತದೆ. ನಾನು ಚಪ್ಪಾಳೆ ತಟ್ಟಿದ್ದೆ.

ವಾರ ಕಳೆಯುವಷ್ಟರಲ್ಲಿ ನಮ್ಮ ತಾರಸಿಗೆ ಒಂದು ಮಂಗ ಬಂತು. ನಾನು ಓಡಿಸಲಿಲ್ಲ. ಸಲಿಗೆಯಿಂದ ಹತ್ತಿರ ಹೋಗಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಹಾಗೆ ನೋಡಬಾರದಂತೆ, ಮಂಗನಿಗೆ ಅದು ಜಗಳದ ಲೆಕ್ಕ. ಕನ್ನಡಕ ಹೋಯಿತು. ನೀರಿನ ಟ್ಯಾಂಕಿನ ಮೇಲೆ ಕೂತು ಅದು ಕನ್ನಡಕದ ಕಡ್ಡಿ ಕಡಿಯುತ್ತಿತ್ತು. ಕೆಳಗಿನ ಮನೆಯವರು ಬಾಳೆಹಣ್ಣು ತೋರಿಸಿ, ಕನ್ನಡಕ ಬಿಸಾಕುತ್ತೆ ಅಂದರು. ತೋರಿಸಿದೆ. ಅದು ಬಾಳೆಹಣ್ಣನ್ನು ಇನ್ನೊಂದು ಕೈಯಲ್ಲಿ ತೆಗೆದುಕೊಂಡಿತು. ದಿಲ್ಲಿಯಲ್ಲಿ ಹದ್ದು ಕಿತ್ತರೆ ಪ್ರಶಸ್ತಿ, ನಮ್ಮಲ್ಲಿ ಮಂಗ ಕಿತ್ತರೆ 2,800 ರೂಪಾಯಿ.

ಇನ್ನು ಮೊಣಕಾಲಿನ ವಿಷಯ.

‘ದಿ ಸ್ಟೋರಿ ಆಫ್ ದಿ ವೀಪಿಂಗ್ ಕ್ಯಾಮೆಲ್’ 2003ರ ಸಿನಿಮಾ. ಮಂಗೋಲಿಯದ ಬ್ಯಾಂಬಾಸುರೆನ್ ದವಾ, ಇಟಲಿಯ ಲುಯಿಜಿ ಫಲೋರ್ನಿ, ಇಬ್ಬರೂ ಆಗ ಮ್ಯೂನಿಕ್ಕಿನ ಸಿನಿಮಾ ಶಾಲೆಯ ವಿದ್ಯಾರ್ಥಿಗಳು. ಗೋಬಿ ಮರುಭೂಮಿಯ ಒಂದು ಕುರುಬ ಕುಟುಂಬದ ಜೊತೆ ಇದ್ದು ತೆಗೆದದ್ದು. ಅದು ಆಸ್ಕರ್ ಕಣದವರೆಗೂ ಹೋಯಿತು. ಒಂದು ಒಂಟೆಗೆ ತುಂಬಾ ಕಷ್ಟದ ಹೆರಿಗೆ. ಹುಟ್ಟಿದ್ದು ಬಿಳಿ ಮರಿ. ತಾಯಿ ಅದನ್ನು ಹತ್ತಿರ ಸೇರಿಸುವುದಿಲ್ಲ, ಹಾಲು ಕೊಡುವುದಿಲ್ಲ. ಮನೆಯವರು ಏನು ಮಾಡಿದರೂ ಆಗದೆ, ಇಬ್ಬರು ಹುಡುಗರನ್ನು ಒಂಟೆ ಹತ್ತಿಸಿ ಪೇಟೆಗೆ ಕಳಿಸುತ್ತಾರೆ. ಡಾಕ್ಟರನ್ನು ತರಲು ಅಲ್ಲ, ಸಂಗೀತಗಾರನನ್ನು ತರಲು. ಪೇಟೆಯಲ್ಲಿ ಚಿಕ್ಕ ಹುಡುಗ ಉಗ್ನಾ ಟಿವಿ ನೋಡಿ ಮರುಳಾಗುತ್ತಾನೆ, ಅದು ಇನ್ನೊಂದು ಕಥೆ. ಸಂಗೀತಗಾರ ಬಂದು ತನ್ನ ಎರಡು ತಂತಿಯ, ಕುದುರೆ ತಲೆಯ ವಾದ್ಯ ಮೊರಿನ್ ಹೂರನ್ನು ಮೊದಲು ಒಂಟೆಯ ಡುಬ್ಬಕ್ಕೆ ತೂಗು ಹಾಕುತ್ತಾನೆ. ಗಾಳಿಗೆ ಅದು ತಾನೇ ಗುಂಯ್‌ಗುಡುತ್ತದೆ. ಆಮೇಲೆ ಅವನು ನುಡಿಸುತ್ತಾನೆ. ಮನೆಯ ಹೆಂಗಸು ಒಂಟೆಯ ಮೈ ಸವರುತ್ತಾ ಒಂದೇ ರಾಗದಲ್ಲಿ ಹಾಡುತ್ತಾಳೆ. ಮರಿ ಮೊಲೆಗೆ ಬಾಯಿ ಹಾಕುತ್ತದೆ. ತಾಯಿಯ ಕಣ್ಣಿಂದ ದಪ್ಪ ದಪ್ಪ ನೀರು. ಕಟ್ಟುಕಥೆ ಅಲ್ಲ, ಅಲ್ಲಿಯ ಹಳೇ ಪದ್ಧತಿ. ಯುನೆಸ್ಕೋದವರು 2015ರಲ್ಲಿ ಇದನ್ನು ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿದ್ದಾರೆ.

ಇದನ್ನು ನಾನು ಎಂಟು ಸಲ ನೋಡಿದ್ದೆ. ಆಗಲೇ ಊರಿಂದ ಅಮ್ಮನ ಫೋನು. "ಗೌರಿ ಕರು ಹಾಕ್ತು ಮಾರಾಯ. ಚೊಚ್ಚಲು ನೋಡು, ಕರುನ ಹತ್ರನೇ ಬಿಡ್ತಿಲ್ಲ. ಒದಿತದೆ."

ಅಮ್ಮನ ದನಿಯಲ್ಲಿ ಆತಂಕ. ನನಗೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಮೈ ಜುಮ್ಮೆಂದಿತು. ಕಥೆ ಸಿಕ್ಕಿತು! ಮಂಗೋಲಿಯಕ್ಕೆ ಯಾಕೆ ಹೋಗಬೇಕು, ತೀರ್ಥಹಳ್ಳಿ ಬಸ್ಸು ರಾತ್ರಿ ಹತ್ತಕ್ಕಿದೆ. ಫೋನು, ಮೂರು ಕಾಲಿನ ಸ್ಟ್ಯಾಂಡು, ಬ್ಲೂಟೂತ್ ಸ್ಪೀಕರು ಚೀಲಕ್ಕೆ ತುಂಬಿದೆ.

ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಅಮ್ಮ ಕರುವಿಗೆ ಬಾಟಲಿಯಲ್ಲಿ ಗಿಣ್ಣು ಹಾಲು ಕುಡಿಸುತ್ತಿದ್ದಳು. ಗೌರಿ ಮುಖ ತಿರುಗಿಸಿ ಗೋಡೆ ನೋಡುತ್ತಿದ್ದಳು. ದನದ ಡಾಕ್ಟರು ಬಂದು ಹೋಗಿದ್ದರು. ಕೆಚ್ಚಲು ಬಿಗಿದಿದೆ, ನೋವಿಗೆ ಒದೀತಿದೆ, ಸ್ವಲ್ಪ ಸ್ವಲ್ಪ ಹಾಲು ಕರೀರಿ, ಸರಿ ಹೋಗುತ್ತೆ ಅಂದಿದ್ದರಂತೆ. ಅಮ್ಮ ಕರುವಿನ ಬೆನ್ನಿಗೆ ಉಪ್ಪು, ತೌಡು ತಿಕ್ಕಿ ಎರಡು ಸಲ ಗೌರಿಯ ಮುಂದೆ ನಿಲ್ಲಿಸಿಯೂ ನೋಡಿದ್ದಳು. ನೆಕ್ಕಲಿ ಅಂತ.

"ಉಪ್ಪಲ್ಲ ಅಮ್ಮ, ಸಂಗೀತ ಬೇಕು," ಅಂದೆ.

ಅಮ್ಮ ನನ್ನನ್ನು ನೋಡಿದ್ದು ಗೌರಿ ಕರುವನ್ನು ನೋಡಿದ ಹಾಗೇ ಇತ್ತು.

ಅಮ್ಮ ಅಕ್ಕಚ್ಚು ತರಲು ಒಳಗೆ ಹೋದಾಗ ಕೆಲಸ ಶುರು ಮಾಡಿದೆ. ಸ್ಟ್ಯಾಂಡಿನ ಒಂದು ಕಾಲು ಸಗಣಿಯಲ್ಲಿ ಜಾರುತ್ತಿತ್ತು. ಹೆಂಡತಿಯ ಹಳೇ ಫೋನನ್ನು ಅದಕ್ಕೆ ಸಿಕ್ಕಿಸಿ ರೆಕಾರ್ಡಿಂಗ್ ಒತ್ತಿದೆ. ನನ್ನ ಫೋನಿನಲ್ಲಿ ಮೊರಿನ್ ಹೂರ್ ಹುಡುಕಿದೆ. ಒಂಟೆಯ ಡುಬ್ಬಕ್ಕೆ ವಾದ್ಯ ತೂಗಿಸಿದ್ದರಲ್ಲ, ಅದೇ ಕ್ರಮದಲ್ಲಿ ಸ್ಪೀಕರಿಗೆ ದಾರ ಕಟ್ಟಿ ಗೌರಿಯ ಕೊಂಬಿಗೆ ನೇತು ಹಾಕಿದೆ. ಅವಳು ಸುಮ್ಮನಿದ್ದಳು. ಕಿವಿ ಮಾತ್ರ ಅಲ್ಲಾಡಿಸಿದಳು. ಎಷ್ಟು ಚೆಂದದ ಶಾಟು ಅಂದುಕೊಂಡು, ಆ ಹೆಂಗಸಿನ ಹಾಗೆ ಮೈ ಸವರಲು ಹಿಂದಕ್ಕೆ ಬಂದೆ.

ಸ್ಪೀಕರು ಮೊದಲು ಇಂಗ್ಲಿಷಿನಲ್ಲಿ "ಬ್ಲೂಟೂತ್ ಕನೆಕ್ಟೆಡ್" ಅಂತ ಕಿರುಚಿತು. ಆಮೇಲೆ ಯೂಟ್ಯೂಬಿನವರು ಜಾಹೀರಾತು ಹಾಕಿದರು. ಮೊರಿನ್ ಹೂರ್ ನುಡಿಯಬೇಕಾದ ಜಾಗದಲ್ಲಿ ಒಬ್ಬ ಗಂಡಸು ಗೌರಿಯ ಕಿವಿಗೇ ಬಾಯಿಟ್ಟು, "ಹೊಸಕೋಟೆ ರಸ್ತೆಯಲ್ಲಿ ನಿಮ್ಮದೇ ಸ್ವಂತ ಸೈಟು!" ಅಂದ.

ನಮ್ಮ ಗೌರಿ ಮಲೆನಾಡು ಗಿಡ್ಡ. ಜಾತಿ ಗಿಡ್ಡ, ಒದೆ ಗಿಡ್ಡ ಅಲ್ಲ. ಎತ್ತರದ ಹಸುವಾಗಿದ್ದರೆ ತೊಡೆಗೆ ಬಿದ್ದು ಹೋಗುತ್ತಿತ್ತು. ಇವಳ ಗೊರಸು ಅಳತೆ ಮಾಡಿದ ಹಾಗೆ ಮೊಣಕಾಲ ಚಿಪ್ಪಿಗೇ ಬಂತು. ನಾನು ಬಿದ್ದೆ, ನನ್ನ ಜೊತೆ ಸ್ಟ್ಯಾಂಡೂ ಬಿತ್ತು. ಸ್ಪೀಕರು ಗೊಂತಿಗೆ ಬಿದ್ದು ಹುಲ್ಲಿನ ಒಳಗಿಂದಲೇ ಸೈಟಿನ ಸಾಲದ ಬಗ್ಗೆ ಹೇಳುತ್ತಿತ್ತು. ಅಕ್ಕಚ್ಚಿನ ಬಕೆಟ್ಟು ಹಿಡಿದು ಬಂದ ಅಮ್ಮ ಮೊದಲು ಕೇಳಿದ್ದು, "ಅಯ್ಯೋ, ದನಕ್ಕೆ ಪೆಟ್ಟಾಯ್ತನಾ?"

ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ. ಹದಿನೈದು ದಿನ ಕಾಲಿಗೆ ಪಟ್ಟಿ. ಆಟೋದಲ್ಲಿ ಮನೆಗೆ ಬಂದು ಕುಂಟುತ್ತಾ ಕೊಟ್ಟಿಗೆಗೆ ಇಣುಕಿದರೆ ಕರು ಗೌರಿಯ ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯುತ್ತಿತ್ತು. ಬಾಯಿ ತುಂಬಾ ನೊರೆ. ಗೌರಿ ಅದರ ಬೆನ್ನು ನೆಕ್ಕುತ್ತಿದ್ದಳು.

"ಯಾವಾಗ?" ಅಂದೆ.

"ನೀನು ಆಟೋ ಹತ್ತಿದ ಮೇಲೆ."

ನನಗೆ ಅಳು ಬಂತು. ಸಿನಿಮಾದ ಅಳು ಅಲ್ಲ. ಇಡೀ ಸಿನಿಮಾದಲ್ಲಿ ಬೇಕಾಗಿದ್ದ ಒಂದೇ ಒಂದು ದೃಶ್ಯ ನಡೆಯುವಾಗ ನಾನು ಎಕ್ಸ್‌ರೇ ಮೇಜಿನ ಮೇಲೆ ಉಸಿರು ಹಿಡಿದು ಮಲಗಿದ್ದೆ.

ರಾತ್ರಿ ಆ ಹಳೇ ಫೋನು ಸಿಕ್ಕಿತು. ಹುಲ್ಲಿನ ಮೇಲೆ ಅಂಗಾತ ಬಿದ್ದು, ಮೆಮೊರಿ ತುಂಬುವವರೆಗೂ ರೆಕಾರ್ಡ್ ಮಾಡುತ್ತಲೇ ಇತ್ತು. ಐವತ್ತೆರಡು ನಿಮಿಷ. ಚಿತ್ರದಲ್ಲಿ ಕೊಟ್ಟಿಗೆಯ ಮಾಡು ಬಿಟ್ಟು ಬೇರೇನಿಲ್ಲ. ಹೆಂಚು, ಪಕಾಸು, ಒಂದು ಜೇಡರ ಬಲೆ. ಆದರೆ ಸದ್ದು ಚೆನ್ನಾಗಿ ಬಂದಿದೆ. ಮೊದಲು ನನ್ನ ಬೊಬ್ಬೆ, ಆಟೋ ಬಂದದ್ದು, ಹೋದದ್ದು. ಆಮೇಲೆ ತಂಬಿಗೆಗೆ ಸರ್ ಸರ್ ಹಾಲು ಬೀಳುವ ಸದ್ದು. ಅಮ್ಮ ಗೌರಿಯ ಹತ್ತಿರ ಮಾತಾಡುತ್ತಿದ್ದಾಳೆ, ಹಾಡಿನ ಹಾಗೂ ಅಲ್ಲ, ಬೈಗುಳದ ಹಾಗೂ ಅಲ್ಲ.

"ನೋವಾಗ್ತದೆ, ಗೊತ್ತು ಮಾರಾಯ್ತಿ. ಇವನ್ನ ಹೆತ್ತಾಗ ನಂಗೂ ಹಾಂಗೇ ಆಗಿತ್ತು. ಎರಡು ದಿನ ಮುಖ ನೋಡೂದೇ ಬ್ಯಾಡ ಅನ್ಸಿತ್ತು. ಆಮೇಲೆ ಸಾಕ್ಲಿಲ್ವಾ? ಈಗ ನೋಡು, ದೊಡ್ಡಾದ. ನಿನ್ ಹತ್ರ ಒದೆಸ್ಕೊಂಡ್ ಹೋದ."

ಅದಾಗಿ ಸ್ವಲ್ಪ ಹೊತ್ತಿಗೆ ಚಪ್ ಚಪ್ ಚಪ್.

ಇದನ್ನು ಭಾವನಿಗೆ ತೋರಿಸಿದೆ. ಐವತ್ತೆರಡು ನಿಮಿಷವೂ ಕೂತು ನೋಡಿದ, ಕಡಲೆಕಾಯಿ ಇಲ್ಲದೆ. ಮೂವತ್ತೆಂಟನೇ ನಿಮಿಷದಲ್ಲಿ ಬಲಗಡೆಯ ಹೆಂಚಿನ ಸಂದಿಯಿಂದ ಒಂದು ಹಲ್ಲಿ ಹೊರಗೆ ಬರುತ್ತದೆ. ಭಾವ ನನ್ನ ಪಟ್ಟಿ ಕಟ್ಟಿದ ಕಾಲನ್ನೇ ತಟ್ಟಿ, "ಎಂಟ್ರಿ ಅಂದ್ರೆ ಇದು," ಅಂದ.