ಬರ್ರಿ ಕೂಡ್ರಿ, ಆದ್ರ ಕುರ್ಚಿ ಕೇಳಬ್ಯಾಡ್ರಿ

ಬೆಳಗಾವಿ ಟಿಳಕವಾಡಿ ಕಡೆ ಒಂದ ಹಳೇ ಬೇಕರಿ ಐತ್ರಿ, ಹೆಸರ ಬ್ಯಾಡ, ನಾಳೆ ಮತ್ತ ಅಲ್ಲೇ ಟೋಸ್ಟ್ ತರಾಕ ಹೋಗಬೇಕು. ರಿನೋವೇಶನ್ ಅಂತ ಮೂರ್ ತಿಂಗಳ ಪತ್ರಾ ಬಡದ ಮುಚ್ಚಿದ್ರು, ಜುಲೈದಾಗ ತಗದಾರ. ಬಂದವರಿಗೆ ಮನಿಗೆ ಬಂದಂಗ ಅನಸಬೇಕು ಅಂತ ಪುಣೆಯಿಂದ ಡಿಸೈನರ್ ಕರಸಿದ್ರಂತ.

ಒಳಗ ಹೋದ್ರ ಬಲಕ್ಕ ಇಟ್ಟಂಗಿ ಗೋಡೆ. ಮುಟ್ಟಿ ನೋಡ್ದೆ, ವಾಲ್‌ಪೇಪರ್. ಖರೇ ಇಟ್ಟಂಗಿದು ಹಿಂದ ಭಟ್ಟಿ ಐತಲ್ಲ, ಅದಕ್ಕ ಮಸಿ ಹತ್ತೇತಿ ಅಂತ ಪ್ಲೈವುಡ್ ಬಡದ ಮುಚ್ಯಾರ. 2700 ಕೆಲ್ವಿನ್ ಹಳದಿ ಲೈಟ್ ಹಾಕ್ಯಾರ, ಅದರಾಗ ನಿನ್ನಿ ಪಾವೂ ಈಗಷ್ಟ ಭಟ್ಟಿಯಿಂದ ತಗದಂಗ ಕಾಣತಾವ (ಇದೊಂದ ಮಾತ್ರ ಶಾಣ್ಯಾತನದ ಕೆಲಸ). ಗೋಡೆ ಮ್ಯಾಲ ನಿಯಾನ್ ಅಕ್ಷರದಾಗ 'ಬರ್ರಿ, ಕೂಡ್ರಿ'. ಕೂಡಾಕ ಕುರ್ಚಿ ಇಲ್ಲ, ಎದಿ ಮಟ ಬರೂ ಟೇಬಲ್ ಅದಾವ, ನಿಂತ ತಿನ್ನೂದು.

ಮೊದಲ ಗಲ್ಲಾದ ಮ್ಯಾಲ ಕಾಕಾ ಕುಂತಿರತಿದ್ದ. ನಾವು ಮೆಟ್ಟಲಾ ಹತ್ತೂದ್ರಾಗ 'ಬರ್ರಿ, ಒಂದ ಲಾದಿ ಪಾವ್, ಅರ್ಧಾ ಕಿಲೋ ಖಾರಿ ಹೌದಲ್ಲ' ಅಂತ ಪೇಪರಿನ್ಯಾಗ ಕಟ್ಟೇ ಬಿಡತಿದ್ದ, ಹಿಂದಿನ ಉದ್ರಿ ಇದ್ರ ಮಂದಿ ಮುಂದ ಬಾಯಿಲೆ ಕೇಳತಿದ್ದಿಲ್ಲ, ಕಣ್ಣಿಲೆ ಕೇಳತಿದ್ದ. ಈಗ ಆ ಜಾಗಾದಾಗ ಆರ್ಡರ್ ತಗೊಳ್ಳೂ ಆರ್ ಫುಟಿನ ಟಚ್ ಸ್ಕ್ರೀನ್ ಮಷಿನ್. ಅದು ಮೊದ್ಲ ಫೋನ್ ನಂಬರ್ ಕೇಳತೈತಿ. ಒಂದ ಬನ್ನಿಗೆ ಫೋನ್ ನಂಬರ್ ಯಾಕಪಾ, ನಾಳೆ ಬನ್ ನಂಗ ಫೋನ್ ಹಚ್ಚತೈತೇನು?

ಬೋರ್ಡಿನ್ಯಾಗ 60 ಪರ್ಸೆಂಟ್ ಕನ್ನಡ ಇರಬೇಕು ಅಂತ 2024 ರಾಗ ಕಾನೂನ್ ಆತಲ್ಲ, ಹೊರಗಿನ ಬೋರ್ಡ್ ಟೇಪ್ ಹಿಡದ ಅಳದಂಗ ಬರಸ್ಯಾರ, ತಪ್ಪ ಹೇಳೂವಂಗಿಲ್ಲ. ಆದ್ರ ಮಷಿನ್ ಅಂದ್ರ ಬೋರ್ಡ್ ಅಲ್ಲಲ್ರಿ, ಅದು ಪೂರಾ ಇಂಗ್ಲಿಷ್. ಕನ್ನಡಾ ಮರಾಠಿ ಅಂತ ಎಷ್ಟ ವರ್ಷದಿಂದ ಜಗಳಾಡತೀವಿ, ಯಾವ ಪಾರ್ಟಿಗೂ ಆಗದ ಕೆಲಸಾ ಆ ಮಷಿನ್ ಮಾಡೇತಿ, ಇಬ್ರೂ ಕೂಡೇ ಅದರ ಮುಂದ ತಲಿ ಕೆರಕೋತ ನಿಂತಿದ್ರು.

ಅವತ್ತ ಮಳಿ ಬ್ಯಾರೆ. ಬೆಳಗಾವಿ ಜುಲೈ ಮಳಿ ಗೊತ್ತೈತಲ್ಲ, ಛತ್ರಿ ಬರೇ ತಲಿಗೆ. ಬಳ್ಳ ಮುಟ್ಟಿದಾಗ ಸ್ಕ್ರೀನಿನ ಕರೆಂಟ್ ಚೂರ ಆ ಕಡೆ ಈ ಕಡೆ ಆಕ್ಕೈತಿ, ಅದರ ಮ್ಯಾಲ ಟಚ್ ಸ್ಕ್ರೀನ್ ನಡಿಯೂದು, ನೀರ ಬಿದ್ರ ಅದನ್ನೂ ಬಳ್ಳು ಅಂತ ತಿಳಕೋತೈತಿ. ನನ್ನ ಮುಂದಿನ ಅಜ್ಜಿ ಒಂದ ಕ್ರೀಮ್ ರೋಲ್ ಒತ್ತಿದ್ಳು, ಸೆರಗಿನ ನೀರ ಸೋರಿ ಹದಿನಾಲ್ಕ ಆದೂ. 'ಯಪ್ಪಾ, ನಾ ಒತ್ತಿಲ್ಲೋ ತಮ್ಮಾ!' ಅಂತ ಕೈ ಝಾಡಿಸಿದ್ಳು, ಹದಿನೇಳ ಆದೂ. ಆಗ ಕರೀ ಟೀ ಶರ್ಟಿನ ಹುಡುಗ ಓಡಿ ಬಂದ, 'ಅಜ್ಜಿ, ಇದು ಸೆಲ್ಫ್ ಸರ್ವಿಸ್ ರೀ' ಅಂತ ಹೇಳಿ ತಾನ ಎಲ್ಲಾ ಒತ್ತಿ ಕೊಟ್ಟ. ಅಂಥಾ ಹುಡುಗೂರು ಇಬ್ರು ಅದಾರ, ಟೋಕನ್ ಕರ್‍ಯಾಕ ಇನ್ನೊಬ್ಬ. ಮೊದಲ ಕಾಕಾ ಒಬ್ಬನ ಇದ್ದ.

ಸೆಲ್ಫ್ ಸರ್ವಿಸ್ ಏನ್ ಹೊಸಾದಲ್ರಿ, 1916 ರಾಗ ಅಮೆರಿಕಾದ ಮೆಂಫಿಸ್‌ನ್ಯಾಗ ಪಿಗ್ಲಿ ವಿಗ್ಲಿ ಅನ್ನೂ ಅಂಗಡ್ಯಾಗ ಗಿರಾಕಿ ಕೈಯಾಗ ಬುಟ್ಟಿ ಕೊಟ್ಟ ಬೇಕಾದ್ದ ತಗೋರಿ ಅಂದಿದ್ರು. ಅಲ್ಲಿ ಸಾಮಾನರೆ ಕೈಯಾಗ ಬರತಿತ್ತು. ಇಲ್ಲಿ ಖರೇ ಬನ್ ಒಂದ ಮಾರ ದೂರ ಗಾಜಿನ್ಯಾಗ ಕುಂತೈತಿ, ನಾ ಅದರ ಫೋಟೋ ತಿಕ್ಕಾಕತ್ತೇನಿ.

ಕಡೀಕ ಟಿಪ್ ಎಷ್ಟ ಕೊಡತೀರಿ ಅಂತ ಬಂತು, 5, 10, 15. ಆರ್ಡರ್ ಬರದಾಂವ ನಾ, ಟ್ರೇ ಹೊರಾಂವ ನಾ, ಟೇಬಲ್ ಒರಸಾಂವ ನಾ, ಅಂದಮ್ಯಾಲ ಟಿಪ್ ನನಗ ಬರಬೇಕಲ್ಲ?

ಟೋಕನ್ 47 ಬಂತು. ಕಾಲ ನೋಯಾಕತ್ತೂ ತನಾ ನಿಂತೆ, ಆಮ್ಯಾಲ ಸಂದಿ ಹಿಡದ ಹಿಂದ ಹೋದೆ. ಭಟ್ಟಿ ಬಾಗಲದಾಗ ನಾಕೈದ ಮಂದಿ ಚೀಲಾ ಹಿಡದ ನಿಂತಾರ, ಆ ಅಜ್ಜೀನೂ ಅದಾಳ. ಕಾಕಾ ಅಲ್ಲೇ ಪಾವ್ ತಗ್ಯಾಕತ್ತಿದ್ದ. 'ಬರ್ರಿ' ಅಂದ, ಡಾಲ್ಡಾ ಡಬ್ಬಿ ಕಾಲಿಲೆ ನನ್ನ ಕಡೆ ದೂಡಿ 'ಕೂಡ್ರಿ' ಅಂದ. ಬಿಸಿ ಬನ್ ಕೈಯಾಗ ಬಂತು. ಒಳಗ ಟೋಕನ್ 47, ಟೋಕನ್ 47 ಅಂತ ಶುರು ಆತು.

'ಕಾಕಾ, ಅದು ನಂದ' ಅಂದೆ.

'ತಿನ್ರಿ, ಒದರಿ ಒದರಿ ಸುಮ್ನಾಕ್ಕೈತಿ' ಅಂದ.