ಬಗ್ಗಿ ನೋಡಬೇಕಾದ ಊರು

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿಬರುವ ಅಪ್ಪ-ಅಮ್ಮಂದಿರಲ್ಲಿ ಎರಡು ಪಂಗಡ. ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋ ಕಡೆ ಮಕ್ಕಳಿರುವವರದ್ದು ಒಂದು. ಅವರು ಫೇಸ್‌ಬುಕ್ಕಿಗೆ ಒಂದು ಫೋಟೊ ಹಾಕಿದರೆ ಸಾಕು, ಎಲ್ಲಿ ಏನು ಅಂತ ಯಾರೂ ಕೇಳುವುದಿಲ್ಲ. ಇನ್ನೊಂದು ನಮ್ಮಂಥವರದ್ದು. ಮಗಳು-ಅಳಿಯ ಇರುವುದು ಮಿಷಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ ಅಂದಕೂಡಲೇ ಚೆಲುವಾಂಬ ಪಾರ್ಕಿನ ವಾಕಿಂಗ್ ಬಳಗದವರು, "ಅದೆಲ್ಲಿ ಬಂತು ಸಾರ್? ಅಲ್ಲಿ ನೋಡೋದೇನಿದೆ?" ಎಂದುಬಿಟ್ಟರು. ಆ ಪ್ರಶ್ನೆ ನಮ್ಮವರ ತಲೆಗೆ ಹೊಕ್ಕಿದ್ದು ಡೆಟ್ರಾಯಿಟ್‌ನಲ್ಲಿ ವಿಮಾನ ಇಳಿದರೂ ಇಳಿಯಲಿಲ್ಲ.

ನಮ್ಮವರು ಕೆಎಸ್ಸಾರ್ಟಿಸಿಯಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿ ನಿವೃತ್ತರಾದವರು. ಅವರ ಪ್ರಕಾರ ಪ್ರೇಕ್ಷಣೀಯ ಸ್ಥಳ ಅಂದರೆ ಒಂದು ಮೈಲಿ ಆಚೆಯಿಂದಲೇ ಕಾಣಬೇಕು, ಕತ್ತೆತ್ತಿ ನೋಡುವಂತಿರಬೇಕು, ಎದುರಿಗೆ ಚುರುಮುರಿ ಮಾರುವವನಿರಬೇಕು. ಆನ್ ಆರ್ಬರ್‌ನಲ್ಲಿ ಈ ಮೂರಕ್ಕೂ ಬರ. ಆ ಊರಿನಲ್ಲಿ ನೋಡಬೇಕಾದದ್ದೆಲ್ಲ ನೆಲದ ಮೇಲಿದೆ, ಇಲ್ಲವೇ ನೆಲದೊಳಗಿದೆ. ಕತ್ತೆತ್ತಿ ನೋಡಲು ಅಂತ ಇರುವುದು ಬರ್ಟನ್ ಗಂಟೆ ಗೋಪುರ. ಅದನ್ನು ಮೊದಲನೇ ದಿನವೇ ನೋಡಿ ಮುಗಿಸಿ, "ಸರಿ, ಮುಂದೆ?" ಅಂತ ಅಳಿಯಂದಿರ ಮುಖ ನೋಡಿದರು.

ಅಳಿಯಂದಿರು ಪಾಪ, ಊರಿನ ಚರಿತ್ರೆ ಹೇಳಿ ಸಮಾಧಾನ ಮಾಡಲು ನೋಡಿದರು. 1824ರಲ್ಲಿ ಜಾನ್ ಆಲೆನ್, ಎಲೈಶಾ ರಮ್ಸಿ ಎಂಬಿಬ್ಬರು ಜಮೀನು ಕೊಂಡು ಊರು ಕಟ್ಟಿದರಂತೆ. ಇಬ್ಬರ ಹೆಂಡತಿಯರ ಹೆಸರಿನಲ್ಲೂ ಆನ್ ಇತ್ತಂತೆ. ಓಕ್ ಮರಗಳ ತೋಪು, ಅಂದರೆ ಆರ್ಬರ್, ಬೇರೆ ಇತ್ತಂತೆ. ಊರಿಗೆ ಹೆಸರು ಸಿಕ್ಕಿತು. ಒಂದೇ ಹೆಸರಿನಲ್ಲಿ ಇಬ್ಬರು ಹೆಂಗಸರನ್ನು ಒಲಿಸಿಕೊಂಡ ಜಾಣರು. ನಮ್ಮ ಕುವೆಂಪುನಗರದ ಮನೆಗೆ ಇವರು ತಮ್ಮ ಅಮ್ಮನ ಹೆಸರಿಟ್ಟಿದ್ದಾರೆ. ನಾನು ಆಗಲೂ ಮಾತಾಡಿರಲಿಲ್ಲ, ಈಗಲೂ ಮಾತಾಡಲಿಲ್ಲ.

ಇಲ್ಲಿನ ಮಿಷಿಗನ್ ವಿಶ್ವವಿದ್ಯಾಲಯ ಹುಟ್ಟಿದ್ದು 1817ರಲ್ಲಿ, ಡೆಟ್ರಾಯಿಟ್‌ನಲ್ಲಿ. ಇಲ್ಲಿಗೆ ಬಂದದ್ದು 1837ರಲ್ಲಿ. ಅಂದಿನಿಂದ ಊರು ಯಾವುದು, ಕಾಲೇಜು ಯಾವುದು ಅಂತ ಗೆರೆ ಎಳೆದು ಹೇಳುವುದು ಕಷ್ಟ. ಆವರಣದ ನಡುವೆ ಡಯಾಗ್ ಅಂತ ಒಂದು ಬಯಲು. ಅದರ ನಟ್ಟನಡುವೆ ನೆಲದಲ್ಲಿ ಹಿತ್ತಾಳೆಯ ದೊಡ್ಡದೊಂದು 'ಎಂ' ಅಕ್ಷರ ಕೂರಿಸಿದ್ದಾರೆ. ಮಕ್ಕಳು ಸಾವಿರಗಟ್ಟಲೆ ಓಡಾಡಿದರೂ ಆ ಅಕ್ಷರ ಬಂದಾಗ ನೀರಿನ ಗುಂಡಿ ತಪ್ಪಿಸುವಂತೆ ಸುತ್ತು ಹಾಕಿ ಹೋಗುತ್ತಾರೆ. ಹೊಸದಾಗಿ ಸೇರಿದವರು ಮೊದಲ ಪರೀಕ್ಷೆಗೆ ಮುಂಚೆ ಅದನ್ನು ಮೆಟ್ಟಿದರೆ ಫೇಲಾಗುತ್ತಾರೆ ಎಂದು ನಂಬಿಕೆ. ಅದಕ್ಕೊಂದು ಪ್ರಾಯಶ್ಚಿತ್ತವೂ ಇದೆ: ನಡುರಾತ್ರಿ ಗೋಪುರದ ಗಂಟೆ ಹನ್ನೆರಡು ಹೊಡೆದು ಮುಗಿಯುವುದರೊಳಗೆ ಮ್ಯೂಸಿಯಮ್ಮಿನ ಮುಂದಿದ್ದ ಪ್ಯೂಮಾ ವಿಗ್ರಹಗಳವರೆಗೆ ಓಡಿ ವಾಪಸ್ ಬರಬೇಕು. ಮೈಮೇಲೆ ನೂಲೆಳೆ ಇರಕೂಡದು.

ಮಗಳು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಇವರು ಎಂ ಮೇಲೆ ಎರಡೂ ಕಾಲೂರಿ ಫೋಟೊಗೆ ನಿಂತಾಗಿತ್ತು. "ಅಪ್ಪಾ!" ಅಂದಳು. "ನನಗ್ಯಾವ ಪರೀಕ್ಷೆ ಇದೆಯಮ್ಮಾ ಇನ್ನು?" ಅಂತ ನಕ್ಕರು. ಅಂದು ಸಂಜೆ ಕೆರ್ರಿಟೌನ್‌ನಲ್ಲಿ 1982ರಿಂದ ನಡೆಯುತ್ತಿರುವ ಜಿಂಗರ್‌ಮ್ಯಾನ್ಸ್ ಅಂಗಡಿಗೆ ಹೋದೆವು. ಸ್ಯಾಂಡ್‌ವಿಚ್‌ಗಳಿಗೆ ಅಲ್ಲಿ ಬಸ್ಸಿನ ರೂಟಿನಂತೆ ನಂಬರು. ಅದು ಇವರಿಗೆ ಬಹಳ ಹಿಡಿಸಿತು. ಆದರೆ ಮಾಂಸವಿಲ್ಲದ ನಂಬರು ಹುಡುಕುತ್ತ ನಾನು ಬೋರ್ಡಿನಲ್ಲಿ ಮುಳುಗಿದ್ದಾಗ ಇವರು ಕೌಂಟರಿನ ಬ್ರೌನಿ ಕಡೆ ಸರಿದಿದ್ದರು. ಮಾರನೇ ದಿನ ಬೆಳಗ್ಗೆ ಗ್ಲೂಕೋಮೀಟರ್ 218 ತೋರಿಸಿತು. ಖಾಲಿ ಹೊಟ್ಟೆಯಲ್ಲಿ.

"ಪರೀಕ್ಷೆ ಫೇಲು" ಅಂದೆ. ಪ್ರಾಯಶ್ಚಿತ್ತದ ಮಾತನ್ನು ಮಾತ್ರ ಅಳಿಯಂದಿರ ಎದುರಿಗೆ ಎತ್ತಲಿಲ್ಲ.

ಡಯಾಗ್‌ನ ಅಳಿಲುಗಳ ಬಗ್ಗೆಯೂ ಹೇಳಬೇಕು. ನಮ್ಮ ಕಡೆಯ ಮೂರು ಗೆರೆಯ ಬಡಪಾಯಿ ಅಳಿಲಲ್ಲ ಇವು; ಕೆಂದು ಬಣ್ಣದ, ಬೊಜ್ಜು ಹೊಟ್ಟೆಯ, ಬಾಡಿಗೆ ವಸೂಲಿಗೆ ಬಂದ ಮನೆ ಮಾಲೀಕರ ಗತ್ತಿನವು. ನಮ್ಮವರು ಬೆಂಚಿನ ಮೇಲೆ ಕೂತು ಜೇಬಿನಿಂದ ಕೋಡುಬಳೆ ತೆಗೆದದ್ದೇ ತಡ, ಒಂದು ಬಂದು ಪ್ಯಾಂಟಿನ ಮೇಲೆ ಎರಡು ಕೈಯಿಟ್ಟು ನಿಂತಿತು. ಇವರು ಚೀರಿದರು, ಕೋಡುಬಳೆ ಬಿತ್ತು, ಅದು ಎತ್ತಿಕೊಂಡು ಮರ ಹತ್ತಿತು. ಒಂದು ಕಡಿತ ಕಡಿದು ಕೆಳಕ್ಕೆ ಬಿಸಾಡಿತು. ನಾದಿನಿ ಕಟ್ಟಿಕೊಟ್ಟ ಕೋಡುಬಳೆಗೆ ಖಾರ ಜಾಸ್ತಿ ಅಂತ ನಾನು ಎಷ್ಟೋ ವರ್ಷದಿಂದ ಹೇಳುತ್ತ ಬಂದಿದ್ದೇನೆ. ಈ ಮನೆಯಲ್ಲಿ ನನ್ನ ಮಾತಿಗೊಂದು ಸಾಕ್ಷಿ ಸಿಕ್ಕಿದ್ದು ಅವತ್ತೇ.

ಆಮೇಲೆ ಯಕ್ಷಿಣಿಯರ ಬಾಗಿಲು. ಪೇಟೆಯಲ್ಲಿ ಕೆಲವು ಅಂಗಡಿಗಳ ಗೋಡೆಯ ಬುಡದಲ್ಲಿ ಗೇಣುದ್ದದ ಪುಟ್ಟ ಬಾಗಿಲುಗಳಿವೆ. ಹಿಡಿ, ಹೊಸ್ತಿಲು, ಕೆಲವಕ್ಕೆ ಕಿಟಕಿಯೂ ಉಂಟು. ಪೇಟೆಯಲ್ಲಿ ಮೊದಲನೆಯದು ಕಾಣಿಸಿಕೊಂಡದ್ದು 2005ರಲ್ಲಿ, ಒಂದು ಕಾಫಿ ಅಂಗಡಿಯ ಗೋಡೆಯಲ್ಲಿ. ಮಕ್ಕಳು ಅದರ ಮುಂದೆ ಚಿಲ್ಲರೆ ಕಾಸು, ಪೆಪ್ಪರಮಿಂಟು ಇಟ್ಟು ಹೋಗುತ್ತಾರೆ. ಮಗಳು ತೋರಿಸಿದಾಗ ನನಗಂತೂ ಕಣ್ಣು ತುಂಬಿತು. ಇವರು, "ಇಷ್ಟು ಸಣ್ಣದಾದರೆ ಒಳಗೇನಿರುತ್ತೆ?" ಅಂತ ಮೊಣಕಾಲೂರಿ, ಕನ್ನಡಕ ಹಣೆಗೇರಿಸಿ, ಕಿಟಕಿಗೆ ಕಣ್ಣು ಹಚ್ಚಿದರು. ಹಚ್ಚಿದವರು ಏಳಲಿಲ್ಲ.

"ರೀ, ಏನು ಕಾಣ್ತಿದೆ?"

"ಸೊಂಟ" ಅಂದರು. ಹಿಡಿದುಕೊಂಡುಬಿಟ್ಟಿತ್ತು.

ಗಡ್ಡ ಬಿಟ್ಟ ಪ್ರಾಯದ ಹುಡುಗನೊಬ್ಬ ಓಡಿ ಬಂದ. ಎದೆನೋವೇ, ತಲೆಸುತ್ತೇ, 911ಕ್ಕೆ ಫೋನ್ ಮಾಡಲೇ ಅಂತ ಒಂದೇ ಸಮನೆ ಕೇಳಿದ. ಅವನ ಹಿಂದೆ ಇನ್ನಿಬ್ಬರು ಹುಡುಗಿಯರು ಬಂದರು, ಅವರಲ್ಲೊಬ್ಬಳು ನರ್ಸಿಂಗ್ ಓದುವವಳು. ಇಷ್ಟರ ನಡುವೆ ಐದಾರು ವರ್ಷದ ಮಗುವೊಂದು ಇವರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ತನ್ನ ಸರದಿ ಯಾವಾಗ ಅಂತ ಮುಖ ಊದಿಸಿಕೊಂಡಿತ್ತು. ಮೂವರೂ ಸೇರಿ, ಆ ಹುಡುಗಿ ಹೇಳಿಕೊಟ್ಟ ಹಾಗೆ, ಇವರನ್ನು ಹಂತಹಂತವಾಗಿ ಎಬ್ಬಿಸಿದರು. ಮನೆಗೆ ಬಂದು ಅಮೃತಾಂಜನ ಹಚ್ಚುವಾಗ ಇವರ ತಕರಾರು ಒಂದೇ: "ಒಳಗೆ ಒಂದು ಮೆಟ್ಟಿಲೇನೋ ಇತ್ತು ಕಣೇ, ಪೂರ್ತಿ ನೋಡಕ್ಕಾಗಲಿಲ್ಲ."

ಜೂನ್ ಮೊದಲ ವಾರ ನಿಕೋಲ್ಸ್ ಆರ್ಬೊರೇಟಮ್ಮಿನ ಪಿಯೊನಿ ಹೂವಿನ ತೋಟ ಅರಳುತ್ತದೆ, ಪ್ರವೇಶಕ್ಕೆ ದುಡ್ಡಿಲ್ಲ, ನೋಡದೆ ಬರಬೇಡಿ. ಜುಲೈನಲ್ಲಿ ಕಲಾ ಸಂತೆ, 1960ರಿಂದ ನಡೆಯುತ್ತಿದೆ. ಬಿಸಿಲಿಗೆ ಬೆಂದು, ಮಳೆಗೆ ನೆಂದು, ಏನೂ ಕೊಳ್ಳದೆ ಮನೆಗೆ ಬಂದೆವು. ಇನ್ನೊಂದು, ಮೂಲೆಯ ಮೇಲೆ ನಿಲ್ಲಿಸಿದ ಕರಿಯ ಉಕ್ಕಿನ ಘನಾಕೃತಿ. ಟೋನಿ ರೋಸೆಂತಾಲ್ ಮಾಡಿದ್ದು, 1968ರದ್ದು. ಆಳೆತ್ತರ ಮೀರಿದ್ದರೂ ಭುಜ ಕೊಟ್ಟು ದೂಡಿದರೆ ತಿರುಗುತ್ತದೆ. ವಿಶ್ವವಿದ್ಯಾಲಯದ ಅಧ್ಯಕ್ಷರು ದಿನಾ ಬೆಳಗ್ಗೆ ಅದನ್ನೊಮ್ಮೆ ತಿರುಗಿಸಿದ ಮೇಲೆಯೇ ಕಾಲೇಜು ಚಾಲೂ ಆಗುವುದು ಅಂತ ಮಕ್ಕಳು ತಮಾಷೆ ಮಾಡುತ್ತಾರೆ. ಹಳೇ ಬಸ್ಸುಗಳನ್ನು ದೂಡಿ ಸ್ಟಾರ್ಟ್ ಮಾಡಿಸಿದವರಿಗೆ ಇದರಲ್ಲಿ ತಮಾಷೆ ಕಾಣಲಿಲ್ಲ. "ಬ್ಯಾಟರಿ ವೀಕು" ಅಂದರು.

ಇವರು ತಾವಾಗಿ ಅರ್ಧ ಗಂಟೆ ನಿಂತು ನೋಡಿದ ಜಾಗ ಒಂದಿದೆ. ನೋಡಲು ಅಲ್ಲಿ ಏನೂ ಇಲ್ಲ ಅನ್ನುವುದೇ ಸೋಜಿಗ. ಮಿಷಿಗನ್ ಯೂನಿಯನ್ ಕಟ್ಟಡದ ಮೆಟ್ಟಿಲುಗಳ ಬಳಿ ಒಂದು ಫಲಕ, ಅಷ್ಟೆ. ಅಧ್ಯಕ್ಷ ಚುನಾವಣೆಯ ಪ್ರಚಾರದಲ್ಲಿದ್ದ ಕೆನಡಿ 1960ರ ಅಕ್ಟೋಬರ್ 14ರ ರಾತ್ರಿ ಎರಡು ಗಂಟೆಗೆ ಇಲ್ಲಿಗೆ ಬಂದಾಗ ಸಾವಿರಾರು ವಿದ್ಯಾರ್ಥಿಗಳು ನಿದ್ದೆಗೆಟ್ಟು ಕಾದಿದ್ದರು. ಬಡ ದೇಶಗಳಿಗೆ ಹೋಗಿ ಕೆಲಸ ಮಾಡಲು ನಿಮ್ಮಲ್ಲಿ ಎಷ್ಟು ಜನ ತಯಾರಿದ್ದೀರಿ ಅಂತ ಅವರು ಕೇಳಿದ್ದು ಈ ಮೆಟ್ಟಿಲ ಮೇಲೆ ನಿಂತು. ಮರುವರ್ಷ, ಅಮೆರಿಕದವರನ್ನು ಹಾಗೆ ಸ್ವಯಂಸೇವೆಗೆ ಹೊರದೇಶಗಳಿಗೆ ಕಳಿಸುವ ಪೀಸ್ ಕೋರ್ ಶುರುವಾಯಿತು.

"ನಮ್ಮೂರಿಗೆ ಬಂದಿದ್ದನಲ್ಲ, ಕೋಳಿ ಸಾಕೋದು ಹೇಳಿಕೊಡೋಕೆ, ಉದ್ದಗಿದ್ದ ಬಿಳೀ ಹುಡುಗ" ಅಂದರು ಇವರು. "ಪಂಚೆ ಉಟ್ಟು ಸೈಕಲ್ ತುಳೀತಿದ್ದ. ನಾವೆಲ್ಲ ಹಿಂದೆ ಓಡೋವು." ಆಮೇಲೆ ಆ ಮೆಟ್ಟಿಲು ಹತ್ತಿಳಿಯುವ ಹುಡುಗರನ್ನೆಲ್ಲ, ಅವನ ಮೊಮ್ಮಗ ಎಲ್ಲಾದರೂ ಸಿಕ್ಕಾನೇನೋ ಅನ್ನುವ ಹಾಗೆ ದಿಟ್ಟಿಸುತ್ತ ನಿಂತರು.

ಸೆಪ್ಟೆಂಬರ್ ಬಂತು ನೋಡಿ, ಊರಿಗೆ ದೆವ್ವ ಹಿಡಿಯಿತು. ಫುಟ್‌ಬಾಲು. 1927ರಲ್ಲಿ ತೆರೆದ ಇಲ್ಲಿನ ಕ್ರೀಡಾಂಗಣದ ಬಹುಪಾಲು ನೆಲದೊಳಗಿದೆ. ಬಾಗಿಲು ಹೊಕ್ಕರೆ ಬಾವಿಯ ಕಟ್ಟೆಯಿಂದ ಇಣುಕಿದಂತೆ ಆಟದ ಬಯಲು ಕೆಳಗೆಲ್ಲೋ ಕಾಣುತ್ತದೆ. ಹಿಡಿಸುವುದು 1,07,601 ಜನ. ಊರಿನ ಜನಸಂಖ್ಯೆ ಒಂದು ಲಕ್ಷದ ಇಪ್ಪತ್ತು ಸಾವಿರ ಚಿಲ್ಲರೆ. ಇಷ್ಟು ಜನರ ಕಾರುಗಳು ಎಲ್ಲಿ ನಿಲ್ಲಬೇಕು? ಸುತ್ತಲಿನ ಮನೆಗಳವರು ತಮ್ಮ ಹುಲ್ಲುಹಾಸನ್ನೇ ದಿನದ ಬಾಡಿಗೆಗೆ ಕೊಡುತ್ತಾರೆ.

ಪಂದ್ಯವಿದ್ದ ಶನಿವಾರ ಬೆಳಗಿನ ಚಳಿಗೆ ಇವರು ನಾದಿನಿ ಹೆಣೆದ ಕಡುಗೆಂಪು ಸ್ವೆಟರ್ ಹಾಕಿ ವಾಕಿಂಗ್ ಹೊರಟರು. ಊರಿಡೀ ಹಳದಿ-ನೀಲಿ. ಕೆಂಪು, ಬದ್ಧವೈರಿ ವಿಶ್ವವಿದ್ಯಾಲಯ ಒಹಾಯೋ ಸ್ಟೇಟ್‌ನ ಬಣ್ಣ. ಪಕ್ಕದ ಮನೆಯ ಅಜ್ಜಿ ಕಂಡವರೇ "ನೋ, ನೋ" ಎನ್ನುತ್ತ ಓಡಿಬಂದು ಇವರ ಮೇಲೊಂದು ಹಳದಿ ಜಾಕೆಟ್ ತೊಡಿಸಿದರು. ಅದೇ ಹೊತ್ತಿಗೆ ಆಕೆಯ ಅಂಗಳಕ್ಕೆ ವ್ಯಾನೊಂದು ಅಡ್ಡಾದಿಡ್ಡಿ ನುಗ್ಗಿತು.

ಮೂವತ್ತು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಜೀವ, ಸುಮ್ಮನಿರುತ್ತದೆಯೇ? "ಹೋಲ್ಡಾನ್!" ಅಂತ ಕೂಗಿದ್ದು ನಮ್ಮ ಅಡುಗೆಮನೆಗೆ ಕೇಳಿಸಿತು. ಹೊರಗೆ ಬಂದು ನೋಡಿದರೆ, ಹಳದಿ ಜಾಕೆಟ್ಟಿನಲ್ಲಿ ಇವರು ಹಿಂದಕ್ಕೆ ನಡೆಯುತ್ತ, ಅಂಗೈ ಬೀಸುತ್ತ, "ಬರ್ಲಿ, ಬರ್ಲಿ, ಲೆಫ್ಟ್ ಕಟ್, ಇನ್ನೂ ಬರ್ಲಿ, ರೈಟ್!" ಅನ್ನುತ್ತಿದ್ದಾರೆ, ದೈತ್ಯ ವಾಹನಗಳು ಚೂರೂ ಅನುಮಾನವಿಲ್ಲದೆ ಅವರ ಕೈಸನ್ನೆಗೆ ಬಂದು ನಿಲ್ಲುತ್ತಿವೆ. ಪ್ರತಿಸಲ ಹಿಡಿಸುತ್ತಿದ್ದುದಕ್ಕಿಂತ ಮೂರು ಕಾರು ಹೆಚ್ಚಿಗೆ ಹಿಡಿಸಿದವಂತೆ. ಆ ಅಜ್ಜಿ ಖುಷಿಯಾಗಿ ಇಪ್ಪತ್ತು ಡಾಲರಿನ ನೋಟು ಇವರ ಜೇಬಿಗೆ ತುರುಕಿದರು.

ಮಗಳು ಹೌಹಾರಿದಳು. "ಅಪ್ಪಾ, ವಿಸಿಟರ್ ವೀಸಾದಲ್ಲಿ ಬಂದವರು ದುಡಿಯೋ ಹಾಗಿಲ್ಲ!" ಅಳಿಯಂದಿರು ಚಪ್ಪಲಿಯನ್ನೂ ಮೆಟ್ಟದೆ ಓಡಿ ನೋಟು ವಾಪಸ್ ಕೊಟ್ಟುಬಂದರು. ಅಜ್ಜಿ ಬಿಡಲಿಲ್ಲ, ಸಂಜೆ ತಾವೇ ಮಾಡಿದ ಆಪಲ್ ಪೈ ತಂದುಕೊಟ್ಟರು. ಅದಕ್ಕೆ ವೀಸಾದ ಅಡ್ಡಿಯೇನೂ ಇಲ್ಲ ಅಂತ ಇವರು ಮಗಳನ್ನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ನಾನು ಗ್ಲೂಕೋಮೀಟರ್ ಎಲ್ಲಿದೆ ಅಂತ ಹುಡುಕಿದರೆ, ಅದು ಮೂರು ದಿನ ಯಾರ ಕಣ್ಣಿಗೂ ಬೀಳಲಿಲ್ಲ.