ಸ್ಪಷ್ಟನೆ: ‘ಮೈಸೂರು ರಸ್ತೆ’ ನಮ್ಮೂರಿನದಲ್ಲ

‘ಮೆಟ್ರೊ ವಿಸ್ತರಣೆ: ಮೈಸೂರು ರಸ್ತೆ ಅಂಗಡಿಗಳಿಗೆ ಕುತ್ತು, ಸುರಂಗ ಕೊರೆದರೆ ಬೀದಿಯೇ ನೆಲಸಮ’ ಎಂಬ ವಾಟ್ಸ್‌ಆ್ಯಪ್ ಸಂದೇಶ ನಮ್ಮ ಮೈಸೂರಿನ ವರ್ತಕರ ನಿದ್ದೆಗೆಡಿಸಿದೆ. ದೇವರಾಜ ಅರಸು ರಸ್ತೆಯ ಬಳೆ ಅಂಗಡಿ ಅಕ್ಕ ನಿನ್ನೆ ಶಟರ್ ಅರ್ಧ ಎಳೆದು ನಿಂತು, ‘ನಮ್ಮದೂ ಹೋಗುತ್ತಾ ಅಣ್ಣಾ?’ ಎಂದರು.

ಮೈಸೂರು ರಸ್ತೆ ಎಂಬುದು ಬೆಂಗಳೂರಿನ ಮೆಟ್ರೊ ನಿಲ್ದಾಣ. ಅಲ್ಲಿಂದ ನೇರಳೆ ಮಾರ್ಗ 2021ರಲ್ಲೇ ಕೆಂಗೇರಿಗೆ, 2023ರಲ್ಲಿ ಚಲ್ಲಘಟ್ಟಕ್ಕೆ ವಿಸ್ತರಣೆಯಾಗಿದೆ. ಮೈಸೂರಿನಲ್ಲಿ ಮೆಟ್ರೊ ಇಲ್ಲ.

ಸುರಂಗದ ಮಾತೂ ತಪ್ಪು. ಬೆಂಗಳೂರಿನ ಚಿಕ್ಕಪೇಟೆಯಡಿ 2017ರಿಂದ ರೈಲು ಓಡುತ್ತಿದೆ; ಮೇಲೆ ಸೀರೆ ವ್ಯಾಪಾರ ನಡೆದೇ ಇದೆ. ಮೇಲ್ಗಡೆ ಜಾಗ ಬೇಕಾಗುವುದು ಮುಖ್ಯವಾಗಿ ನಿಲ್ದಾಣಕ್ಕೆ, ಅದರ ಬಾಗಿಲುಗಳಿಗೆ. ಹಾಗೆಂದು ವರ್ತಕರ ಆತಂಕವನ್ನು ಹಗುರವಾಗಿ ಕಾಣಬಾರದು. ಇಂದಿರಾನಗರದ ಸಿಎಂಎಚ್ ರಸ್ತೆಯ ವ್ಯಾಪಾರಿಗಳು ಮಾರ್ಗವನ್ನು ಬಲವಾಗಿ ವಿರೋಧಿಸಿದ್ದರು. ಆದರೆ ಅದು ಕಂಬಗಳ ಮೇಲಿನ ಮಾರ್ಗ, ಸುರಂಗವಲ್ಲ. ದಯವಿಟ್ಟು ಆ ಸಂದೇಶವನ್ನು ಇನ್ನೊಬ್ಬರಿಗೆ ಕಳಿಸಬೇಡಿ.